ಕೋನ್ ಫಿಲ್ಟರ್, ನೇರ ಪೈಪ್ ಹಾಕಿದರೆ ಹಳೇ ಜೀಪಿನ ಪಿಕಪ್ ಹೆಚ್ಚುತ್ತದೆಯೇ?

"ಕಂಪನಿ ಏರ್ ಫಿಲ್ಟರ್ ಬಾಕ್ಸ್ ಕಿತ್ತುಹಾಕಿ ಕೋನ್ ಫಿಲ್ಟರ್ ಹಾಕಿ. ಸೈಲೆನ್ಸರ್ ತೆಗೆಸಿ ದಪ್ಪ ಪೈಪ್ ಕೂರಿಸಿ. ಎಂಜಿನ್ ಚೆನ್ನಾಗಿ ಉಸಿರಾಡುತ್ತೆ, ಪಿಕಪ್ ಜೊತೆಗೆ ಮೈಲೇಜೂ ಬರುತ್ತೆ."

ಹಳೇ ಜೀಪ್ ಇಟ್ಟುಕೊಂಡವರ ಮೊಬೈಲ್‌ಗೆ ಇಂಥ ಫಾರ್ವರ್ಡ್, ರೀಲ್ಸ್ ಬರುವುದು ಹೊಸದೇನಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆ ಇಂಥ ಗಾಡಿಗಳು ಎರಡು ಥರದವರ ಬಳಿ ಇವೆ. ಒಬ್ಬರಿಗೆ ಅದು ತೋಟಕ್ಕೆ ಹೋಗಲು, ರೇಷ್ಮೆಗೂಡನ್ನು ಶಿಡ್ಲಘಟ್ಟಕ್ಕೋ ಟೊಮೆಟೊ ಕ್ರೇಟುಗಳನ್ನು ಚಿಂತಾಮಣಿ ಮಾರುಕಟ್ಟೆಗೋ ಸಾಗಿಸಲು ಬೇಕು. ಇನ್ನೊಬ್ಬರಿಗೆ ಭಾನುವಾರ ಬೆಟ್ಟದ ದಾರಿ ಹತ್ತಲು ಬೇಕು. ಇಬ್ಬರಿಗೂ ಬರುವ ಸಲಹೆ ಮಾತ್ರ ಒಂದೇ. ಅದರಲ್ಲಿ ಎಷ್ಟು ನಿಜ ಎಂದು ನಾವು ಇಲ್ಲಿ ನೋಡೋಣ.

ಚಿಕ್ಕದಾಗಿ ಹೇಳುವುದಾದರೆ: ಟರ್ಬೊ ಇಲ್ಲದ ಹಳೇ ಡೀಸೆಲ್ ಎಂಜಿನ್‌ಗೆ ಈ ಬದಲಾವಣೆಗಳಿಂದ ಸಿಗುವ ಲಾಭ ತೀರಾ ಕಡಿಮೆ. ಧೂಳಿನ ದಾರಿಯಲ್ಲಿ ಓಡುವ ಗಾಡಿಗೆ ತಪ್ಪು ಫಿಲ್ಟರ್ ಹಾಕಿದರೆ ಎಂಜಿನ್ನೇ ಬೇಗ ಕೆಲಸಕ್ಕೆ ಬರಬಹುದು.

ಎಂಜಿನ್‌ಗೆ ಎಷ್ಟು ಗಾಳಿ ಬೇಕು?

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 12 ಕೆ.ಜಿ. ಗಾಳಿ ಬೇಕು. ಅಂದರೆ ಹತ್ತಿರಹತ್ತಿರ 10,000 ಲೀಟರ್. ಮಹೀಂದ್ರಾ ಜೀಪುಗಳಲ್ಲಿ ಬಂದ 2,523 ಸಿಸಿ ಡಿಐ ಡೀಸೆಲ್ ಎಂಜಿನ್ ಲೆಕ್ಕ ನೋಡಿ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆದುಕೊಳ್ಳುತ್ತದೆ. 2,000 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ ಸುಮಾರು 2,500 ಲೀಟರ್, ಗಂಟೆಗೆ ಸುಮಾರು ಒಂದೂವರೆ ಲಕ್ಷ ಲೀಟರ್ ಆಗುತ್ತದೆ. ಇಷ್ಟೂ ಗಾಳಿ ಏರ್ ಫಿಲ್ಟರ್ ಮೂಲಕವೇ ಹೋಗಬೇಕು. ಆದ್ದರಿಂದ "ಉಸಿರಾಟ ಮುಖ್ಯ" ಎಂಬ ಮಾತು ಸರಿ. ತಪ್ಪಾಗುವುದು ಮುಂದಿನ ಮಾತಿನಲ್ಲಿ.

ಗಾಳಿ ಹೆಚ್ಚಾದರೆ ಶಕ್ತಿ ಹೆಚ್ಚುತ್ತದೆಯೇ?

ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ತುಳಿದಾಗ ಗಾಳಿಯ ಬಾಗಿಲು ತೆರೆಯುತ್ತದೆ. ಹಳೇ ಡೀಸೆಲ್ ಎಂಜಿನ್‌ನಲ್ಲಿ ಅಂಥ ಬಾಗಿಲು ಇಲ್ಲ. ಗಾಳಿ ಯಾವಾಗಲೂ ತುಂಬಿಕೊಳ್ಳುತ್ತಲೇ ಇರುತ್ತದೆ. ಆಕ್ಸಿಲರೇಟರ್ ತುಳಿದರೆ ಡೀಸೆಲ್ ಪಂಪ್ ಹೆಚ್ಚು ಡೀಸೆಲ್ ಕೊಡುತ್ತದೆ, ಅಷ್ಟೇ. ಅತಿ ಹೆಚ್ಚೆಂದರೆ ಎಷ್ಟು ಕೊಡಬೇಕು ಎಂಬುದು ಪಂಪ್‌ನ ಸೆಟ್ಟಿಂಗ್‌ನಲ್ಲೇ ನಿಗದಿಯಾಗಿರುತ್ತದೆ.

ಹಾಗಾಗಿ ಫಿಲ್ಟರ್ ಬದಲಿಸಿ ಸ್ವಲ್ಪ ಹೆಚ್ಚು ಗಾಳಿ ಬಿಟ್ಟರೂ, ಪಂಪ್ ಅಷ್ಟೇ ಡೀಸೆಲ್ ಕೊಡುತ್ತಿದ್ದರೆ ಶಕ್ತಿ ಹೆಚ್ಚುವುದಿಲ್ಲ. "ಹಾಗಾದರೆ ಪಂಪ್ ತಿರುಗಿಸಿ ಡೀಸೆಲ್ ಹೆಚ್ಚಿಸೋಣ" ಎನ್ನುವವರೂ ಇದ್ದಾರೆ. ಇರುವ ಗಾಳಿಗೆ ಮೀರಿ ಡೀಸೆಲ್ ಕೊಟ್ಟರೆ ಅದು ಅರ್ಧಂಬರ್ಧ ಉರಿದು ಕಪ್ಪು ಹೊಗೆಯಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಮೈಲೇಜ್ ಇಳಿಯುತ್ತದೆ.

ಜಿಪ್ಸಿಯಂಥ ಪೆಟ್ರೋಲ್ ಗಾಡಿಯಲ್ಲಿ ಫಿಲ್ಟರ್‌ನ ತಡೆ ಗೊತ್ತಾಗುವುದು ಆಕ್ಸಿಲರೇಟರ್ ಪೂರ್ತಿ ತುಳಿದು ಹೆಚ್ಚು ಆರ್‌ಪಿಎಂನಲ್ಲಿ ಓಡಿಸುವಾಗ. ಕಲ್ಲು, ಮರಳಿನ ದಾರಿಯಲ್ಲಿ ನಿಧಾನಕ್ಕೆ ಹತ್ತುವಾಗ ಆ ಲಾಭ ಕೈಗೆ ಸಿಗುವುದಿಲ್ಲ. ಬಾನೆಟ್ ಒಳಗೆ ಬಯಲಾಗಿ ಕೂರಿಸಿದ ಕೋನ್ ಫಿಲ್ಟರ್‌ಗೆ ಇನ್ನೊಂದು ತೊಂದರೆಯಿದೆ. ಅದು ಎಂಜಿನ್‌ನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಗಾಳಿ 35 ಡಿಗ್ರಿಯಿಂದ 65 ಡಿಗ್ರಿಗೆ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ 9ರಷ್ಟು ಇಳಿಯುತ್ತದೆ. ಒಂದು ಕಡೆ ಬಂದದ್ದು ಇನ್ನೊಂದು ಕಡೆ ಹೋಯಿತು.

ನಂದಿ ಬೆಟ್ಟ ಹತ್ತುವಾಗ ಗಾಡಿ ಸೋಲುವುದೇಕೆ?

ನಂದಿ ಬೆಟ್ಟದ ಎತ್ತರ 1,478 ಮೀಟರ್. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ 13ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟರ ಮಟ್ಟಿಗೆ ಸೊರಗುವುದು ಸಹಜ. ಫಿಲ್ಟರ್ ತಡೆಯನ್ನು ಕಡಿಮೆ ಮಾಡಬಹುದು. ತೆಳುವಾದ ಗಾಳಿಯನ್ನು ಯಾವ ಫಿಲ್ಟರೂ ದಟ್ಟ ಮಾಡಲಾರದು. ಅದು ಟರ್ಬೊದ ಕೆಲಸ.

ನಮ್ಮ ದಾರಿಯ ಅಸಲಿ ಶತ್ರು ಧೂಳು

ಈ ಭಾಗದ ಗ್ರಾನೈಟ್ ಬಂಡೆಗಳು ಎಲ್ಲರಿಗೂ ಗೊತ್ತು. ಕಲ್ಲು ಕ್ವಾರಿ, ಕ್ರಷರ್, ಮಣ್ಣಿನ ದಾರಿಗಳಿಂದ ಏಳುವ ಧೂಳಿನಲ್ಲಿ ಸ್ಫಟಿಕ ಶಿಲೆಯ ಕಣಗಳಿರುತ್ತವೆ. ಅದನ್ನು ಕ್ವಾರ್ಟ್ಜ್ ಎನ್ನುತ್ತಾರೆ. ಖನಿಜಗಳ ಗಡಸುತನದ ಅಳತೆಯಲ್ಲಿ ಅದಕ್ಕೆ 7. ಚಾಕುವಿನ ಉಕ್ಕನ್ನೂ ಗೀರಬಲ್ಲದು. ಇಂಥ ಧೂಳು ಎಂಜಿನ್ ಒಳಗೆ ಹೋದರೆ ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯ ನಡುವೆ ಸ್ಯಾಂಡ್‌ಪೇಪರ್‌ನಂತೆ ಉಜ್ಜುತ್ತದೆ. ಮೊದಲು ಆಯಿಲ್ ಕುಡಿಯುತ್ತದೆ, ಆಮೇಲೆ ನೀಲಿ ಹೊಗೆ, ಕೊನೆಗೆ ಬೋರ್ ಮಾಡಿಸಬೇಕಾಗುತ್ತದೆ. ಪಿಕಪ್ ಬರಲಿ ಎಂದು ಹಾಕಿದ ಫಿಲ್ಟರ್ ಇದ್ದ ಪಿಕಪ್ಪನ್ನೂ ತಿಂದುಹಾಕುವುದು ಹೀಗೆ.

ಒಳ್ಳೆಯ ಪೇಪರ್ ಫಿಲ್ಟರ್ ಶೇ 99ಕ್ಕಿಂತ ಹೆಚ್ಚು ಧೂಳನ್ನು ಹಿಡಿಯುತ್ತದೆ. ಎಣ್ಣೆ ಸವರಿದ ಹತ್ತಿ ಬಟ್ಟೆಯ ಫಿಲ್ಟರ್‌ಗಳು ಗಾಳಿಯನ್ನು ಸುಲಭವಾಗಿ ಬಿಡುತ್ತವೆ, ಆದರೆ ಸಾಮಾನ್ಯವಾಗಿ ಧೂಳನ್ನೂ ಸ್ವಲ್ಪ ಹೆಚ್ಚೇ ಬಿಡುತ್ತವೆ. ಡಾಂಬರು ರಸ್ತೆಯಲ್ಲಿ ಈ ವ್ಯತ್ಯಾಸ ಸಣ್ಣದು. ಕ್ವಾರಿ ದಾರಿಯಲ್ಲಿ, ಸಾಲಾಗಿ ಹೋಗುವ ಜೀಪುಗಳ ಹಿಂದೆ ಓಡಿಸುವಾಗ ಸಣ್ಣದಲ್ಲ.

ಹಳೇ ಜೀಪುಗಳ ಆಯಿಲ್ ಬಾತ್ ಫಿಲ್ಟರನ್ನು "ಔಟ್‌ಡೇಟೆಡ್" ಎಂದು ಕಿತ್ತೆಸೆಯುವವರಿದ್ದಾರೆ. ಅದರಲ್ಲಿ ಆಯಿಲ್ ಬದಲಿಸುತ್ತಿದ್ದರೆ ಅದು ಈಗಲೂ ಕೆಲಸ ಮಾಡುತ್ತದೆ. ಗುರುತಿನ ಗೆರೆ ಮೀರಿ ಮಾತ್ರ ತುಂಬಬೇಡಿ. ಹೆಚ್ಚಾದ ಆಯಿಲನ್ನು ಡೀಸೆಲ್ ಎಂಜಿನ್ ಒಳಗೆಳೆದುಕೊಂಡು, ಕೀ ಆಫ್ ಮಾಡಿದರೂ ನಿಲ್ಲದೆ ಓಡುವ ಅಪಾಯವಿದೆ.

ಸೈಲೆನ್ಸರ್: ಸದ್ದು ಹೆಚ್ಚಾದರೆ ಶಕ್ತಿ ಹೆಚ್ಚಿದಂತಲ್ಲ

ನೇರ ಪೈಪ್ ಹಾಕಿದ ಗಾಡಿ ಜೋರಾಗಿ ಓಡುತ್ತಿದೆ ಎನ್ನಿಸುವುದು ಹೆಚ್ಚಾಗಿ ಕಿವಿಗೆ. "ಎಂಜಿನ್‌ಗೆ ಬ್ಯಾಕ್ ಪ್ರೆಶರ್ ಬೇಕೇ ಬೇಕು" ಎಂಬ ಇನ್ನೊಂದು ಮಾತೂ ಪೂರ್ತಿ ಸರಿಯಲ್ಲ. ಬೇಕಿರುವುದು ಹೊಗೆ ತಕ್ಕ ವೇಗದಲ್ಲಿ ಹೊರಹೋಗುವುದು. ಪೈಪ್ ತೀರಾ ದಪ್ಪವಾದರೆ ಕಡಿಮೆ ಆರ್‌ಪಿಎಂನಲ್ಲಿ ಆ ವೇಗ ತಗ್ಗುತ್ತದೆ. ಪೆಟ್ರೋಲ್ ಗಾಡಿಯಲ್ಲಿ ನಿಧಾನಕ್ಕೆ ಹತ್ತುವಾಗ ಬೇಕಾದ ಎಳೆತವೇ ಇದರಿಂದ ಕಡಿಮೆಯಾಗಬಹುದು. ಟರ್ಬೊ ಇರುವ ಎಂಜಿನ್‌ನಲ್ಲಿ ಮಾತ್ರ ಟರ್ಬೊದ ನಂತರದ ಪೈಪ್ ಸರಾಗವಾಗಿದ್ದರೆ ನಿಜವಾದ ಲಾಭವಿದೆ.

ಇದಕ್ಕಿಂತ ಗಂಭೀರವಾದದ್ದು ಪೈಪನ್ನು ಮೊಟಕುಗೊಳಿಸಿ ಗಾಡಿಯ ಕೆಳಗೇ ಬಿಡುವುದು. ಟಾರ್ಪಾಲ್ ಮೇಲ್ಛಾವಣಿಯ ಜೀಪಿನಲ್ಲಿ ಆ ಹೊಗೆ ಹಿಂದಿನ ಸೀಟಿಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಇದರ ಪ್ರಮಾಣ ಹೆಚ್ಚು. ಹಿಂದೆ ಕೂತ ಮಕ್ಕಳಿಗೆ ತಲೆನೋವು, ವಾಕರಿಕೆ ಬಂದರೆ "ಬೆಟ್ಟದ ತಿರುವು" ಎಂದು ಸುಮ್ಮನಾಗಬೇಡಿ. ಗಾಡಿ ನಿಲ್ಲಿಸಿ ಅವರನ್ನು ಹೊರಗಿನ ಗಾಳಿಗೆ ಕರೆತನ್ನಿ, ಆಮೇಲೆ ಪೈಪ್ ನೋಡಿ.

ಸ್ನಾರ್ಕೆಲ್ ಬೇಕೇ?

ಸ್ನಾರ್ಕೆಲ್ ಶಕ್ತಿ ಕೊಡುವ ಸಾಧನವಲ್ಲ. ಗಾಳಿ ಎಳೆಯುವ ಬಾಯನ್ನು ಮೇಲಕ್ಕೆ ಒಯ್ಯುವುದು ಅದರ ಕೆಲಸ. ಉತ್ತರ ಪಿನಾಕಿನಿಯಂಥ ನಮ್ಮ ನದಿಗಳು ವರ್ಷದ ಬಹುಪಾಲು ಒಣಗಿರುತ್ತವೆ. ಆದರೆ ಕೆರೆ ಕೋಡಿ ಹರಿದಾಗ ದಾರಿಯ ಮೇಲೆ ನೀರು ಬರುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಸಿಲಿಂಡರ್‌ಗೆ ನೀರು ಹೊಕ್ಕರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಜಾಯಿಂಟುಗಳು ಸೋರುತ್ತಿದ್ದರೆ ಸ್ನಾರ್ಕೆಲ್ ಇದ್ದೂ ಪ್ರಯೋಜನವಿಲ್ಲ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ, ಎಳೆಸಿಕೊಂಡು ಹೊರಬನ್ನಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿನ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯ ನಂತರ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಬಹುದು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಸೆಕ್ಷನ್ 190(2) ಅಡಿ 10,000 ರೂಪಾಯಿವರೆಗೆ ದಂಡವಿದೆ. 15 ವರ್ಷ ದಾಟಿದ ಖಾಸಗಿ ಗಾಡಿಯ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ತಪಾಸಣೆ ಆಗಲೇಬೇಕು. ಅಲ್ಲೂ ಸೈಲೆನ್ಸರ್ ಕಣ್ಣಿಗೆ ಬೀಳುತ್ತದೆ.

ಹಣ ಹಾಕುವ ಮೊದಲು ಈ ಕ್ರಮದಲ್ಲಿ ನೋಡಿ

1. ಫಿಲ್ಟರ್ ಆದಮೇಲೆ ಎಂಜಿನ್‌ಗೆ ಹೋಗುವ ಹೋಸ್ ಬಿಚ್ಚಿ, ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಮಣ್ಣು ಹತ್ತಿದರೆ ಫಿಲ್ಟರ್ ಅಥವಾ ಕ್ಲಿಪ್ ಸೋರುತ್ತಿದೆ ಎಂದರ್ಥ. ಬಿರುಕು ಬಿಟ್ಟ ಹೋಸ್ ಬದಲಿಸಿ.
2. ಕಂಪನಿ ಮಾದರಿಯ ಹೊಸ ಫಿಲ್ಟರ್ ಹಾಕಿಸಿ. ಪೇಪರ್ ಫಿಲ್ಟರ್‌ಗೆ ಜೋರಾಗಿ ಗಾಳಿ ಹೊಡೆಸಿದರೆ ಪೇಪರ್ ಹರಿಯುತ್ತದೆ.
3. ಸೈಲೆನ್ಸರ್ ಒಳಗಿನ ತಗಡು ತುಕ್ಕು ಹಿಡಿದು ಕುಸಿದಿದೆಯೇ, ಪೈಪ್ ಕಲ್ಲಿಗೆ ತಾಗಿ ಜಜ್ಜಿದೆಯೇ ನೋಡಿಸಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿಕೆಯನ್ನೂ ಪರೀಕ್ಷಿಸಿ.
4. ಆಗಲೂ ಕಪ್ಪು ಹೊಗೆ ಇದ್ದರೆ ನಾಜಲ್ ಮತ್ತು ಪಂಪ್ ಚೆಕ್ ಮಾಡಿಸಿ.
5. ಧೂಳು ವಿಪರೀತ ಇದ್ದರೆ ಟ್ರ್ಯಾಕ್ಟರ್ ಬಾನೆಟ್ ಮೇಲಿರುವಂಥ ಪ್ರೀ-ಕ್ಲೀನರ್ ಬಗ್ಗೆ ಮೆಕ್ಯಾನಿಕ್ ಹತ್ತಿರ ಕೇಳಿ. ಅದು ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಮೊದಲೇ ಬೇರ್ಪಡಿಸುತ್ತದೆ.

ಯಾವ ಬದಲಾವಣೆ ಮಾಡಿದರೂ ಮೊದಲು ಮತ್ತು ನಂತರ ಅಳೆಯಿರಿ. ಟ್ಯಾಂಕ್ ಫುಲ್ ಮಾಡಿಸಿ, ಮತ್ತೆ ಫುಲ್ ಮಾಡಿಸುವವರೆಗಿನ ಕಿಲೋಮೀಟರ್ ಬರೆದಿಡಿ. ಹೀಗೆ ಮೂರು ಸಲ ಮಾಡಿ. ಅದೇ ಏರು, ಅದೇ ಲೋಡ್, ಅದೇ ಗೇರ್‌ನಲ್ಲಿ ಹತ್ತಲು ಹಿಡಿದ ಸಮಯವನ್ನೂ ನೋಡಿ.

ತೀರ್ಮಾನ: "ಫಿಲ್ಟರ್, ಪೈಪ್ ಬದಲಿಸಿದರೆ ಪಿಕಪ್, ಮೈಲೇಜ್ ಎರಡೂ ಹೆಚ್ಚುತ್ತೆ" ಎಂಬುದು ಟರ್ಬೊ ಇಲ್ಲದ ಹಳೇ ಡೀಸೆಲ್ ಜೀಪುಗಳ ಮಟ್ಟಿಗೆ ದಾರಿ ತಪ್ಪಿಸುವ ಮಾತು. ಕೊಳೆ ತುಂಬಿದ ಫಿಲ್ಟರ್ ತೆಗೆದು ಹೊಸದು ಹಾಕಿದಾಗ ಗಾಡಿ ಚುರುಕಾಗುವುದು ನಿಜ. ಆದರೆ ಕಂಪನಿ ಮಾದರಿಯ ಹೊಸ ಫಿಲ್ಟರ್ ಹಾಕಿದ್ದರೂ ಅಷ್ಟೇ ಚುರುಕಾಗುತ್ತಿತ್ತು. ಮುಂದಿನ ಸಲ ಇಂಥ ಫಾರ್ವರ್ಡ್ ಬಂದರೆ ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ಅಳೆದು ನೋಡಿದ್ದೀರಾ?"