ಕಣ್ಣು ಕೊಡುವುದೂ ದಾಸೋಹ, ಕಾಯುವುದೂ ದಾಸೋಹ

ನೇತ್ರದಾನದ ಬಗ್ಗೆ ನಮ್ಮ ಮಠಗಳಲ್ಲಿ ಆಗಾಗ ಮಾತು ಕೇಳುತ್ತೇವೆ, ಸಂಕಲ್ಪಪತ್ರಕ್ಕೆ ಸಹಿಯನ್ನೂ ಹಾಕುತ್ತೇವೆ. ಆದರೆ ಆ ಕಣ್ಣನ್ನು ಪಡೆದವರ ಮುಂದಿನ ಒಂದೆರಡು ವರ್ಷ ಹೇಗಿರುತ್ತದೆ ಎಂಬುದನ್ನು ಹೇಳುವವರು ಕಡಿಮೆ. ನಮ್ಮ ದಾಸೋಹ ಅರ್ಧಕ್ಕೆ ನಿಲ್ಲುವುದು ಅಲ್ಲಿಯೇ ಎಂದು ನನ್ನ ಅನಿಸಿಕೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ತೋಟದ ಕೆಲಸದಲ್ಲೇ ಕಣ್ಣಿಗೆ ಅಪಾಯವಿದೆ. ಅಡಿಕೆಗೆ ಮದ್ದು ಬಿಡುವಾಗ ಮೈಲುತುತ್ತು-ಸುಣ್ಣದ ದ್ರಾವಣ ಸಿಡಿಯುತ್ತದೆ. ಗರಿಯೋ ಹುಲ್ಲೋ ಗೀರಿದರೆ ಶಿಲೀಂಧ್ರದ ಸೋಂಕು ತಗಲಬಹುದು. ಸುಣ್ಣ ಬಿದ್ದ ಕಣ್ಣನ್ನು ಕೂಡಲೇ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಬೇಕು. ತಡವಾದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಬೆಳ್ಳಗಾಗುತ್ತದೆ. ಆಮೇಲೆ ಹಲವರಿಗೆ ಉಳಿಯುವ ದಾರಿ ಕಸಿಯೊಂದೇ.

ಕಸಿಯಲ್ಲಿ ಕೆಟ್ಟ ಭಾಗವನ್ನು ತೆಗೆದು, ದಾನಿಯ ಕಾರ್ನಿಯಾವನ್ನು ಕೂದಲಿಗಿಂತ ತೆಳುವಾದ ನೈಲಾನ್ ದಾರದಿಂದ ಹೊಲಿಯುತ್ತಾರೆ. ಪಟ್ಟಿ ಬಿಚ್ಚಿದ ದಿನವೇ ಎಲ್ಲವೂ ನಿಚ್ಚಳವಾಗಿ ಕಾಣುತ್ತದೆಂದು ನಂಬಬಾರದು. ಪೂರ್ತಿ ದಪ್ಪದ ಕಸಿಯಾದರೆ ದೃಷ್ಟಿ ನೆಲೆಗೊಳ್ಳಲು ವರ್ಷವೇ ಹಿಡಿಯಬಹುದು. ಹೊಲಿಗೆ ತಿಂಗಳುಗಟ್ಟಲೆ ಇರುತ್ತದೆ, ಕನ್ನಡಕವೂ ಬೇಕಾಗಬಹುದು. ಒಳಪದರವನ್ನಷ್ಟೇ ಕಸಿ ಮಾಡಿದರೆ ಚೇತರಿಕೆ ಬೇಗ. ಆದರೆ ಒಳಗೆ ಬಿಟ್ಟ ಗಾಳಿಗುಳ್ಳೆ ಆ ಪದರವನ್ನು ಒತ್ತಿ ಹಿಡಿಯಬೇಕಾದ್ದರಿಂದ ಮೊದಮೊದಲು ಅಂಗಾತ ಮಲಗಿರಬೇಕು. 2021ರ ಅಕ್ಟೋಬರ್ 29ರಂದು ನಿಧನರಾದ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ಬೆಳಕಾದದ್ದು ಹೀಗೆ ಪದರಗಳನ್ನು ಬೇರ್ಪಡಿಸಿದ್ದರಿಂದಲೇ.

ಸೇತುವೆಗೆ ಕಾಂಕ್ರೀಟ್ ಹಾಕಿದ ದಿನ ಕೆಲಸ ಮುಗಿಯುವುದಿಲ್ಲ, ಕ್ಯೂರಿಂಗ್ ತಪ್ಪಿದರೆ ಬಿರುಕು ಬಿಡುತ್ತದೆ. ಕಸಿಯೂ ಹಾಗೆಯೇ. ಹನಿಮದ್ದನ್ನು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಹಾಕಬೇಕು. ಕಣ್ಣುಜ್ಜಬಾರದು, ಭಾರ ಎತ್ತಬಾರದು. ವೈದ್ಯರು ಹೇಳುವವರೆಗೆ ತಲೆಸ್ನಾನ ಬೇಡ. ಹಣೆಯ ವಿಭೂತಿಯ ಪುಡಿ ಕಣ್ಣಿಗೆ ಉದುರದಂತೆ ನೋಡಿಕೊಳ್ಳಬೇಕು. ಕಣ್ಣು ಕೆಂಪಾಗುವುದು, ಬೆಳಕು ಚುಚ್ಚುವುದು, ಮಸುಕು, ನೋವು, ಈ ನಾಲ್ಕರಲ್ಲಿ ಒಂದು ಕಂಡರೂ ಅದೇ ದಿನ ವೈದ್ಯರ ಬಳಿ ಹೋಗಬೇಕು. ದೇಹ ಕಸಿಯನ್ನು ನಿರಾಕರಿಸುವ ಲಕ್ಷಣ ಅದು. ವರ್ಷಗಳ ನಂತರವೂ ಬರಬಹುದು, ಬೇಗ ಹಿಡಿದರೆ ಬಹಳ ಸಲ ಉಳಿಸಬಹುದು.

ಬೆಳ್ತಂಗಡಿಯ ಘಟ್ಟದ ಬುಡದ ಕೂಲಿಕಾರನಿಗೆ ಮಂಗಳೂರಿನ ಆಸ್ಪತ್ರೆಗೆ ಒಮ್ಮೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಮೇಲೆ ಬಸ್ಸಿನ ಖರ್ಚು. ಕಣ್ಣು ಕಾಣತೊಡಗಿದ ಮೇಲೆ ಹನಿಮದ್ದು ನಿಲ್ಲಿಸುವ ಆಸೆ ಹುಟ್ಟುವುದು ಸಹಜ. ಹಾಗಾದಾಗ ದಾನಿಯ ಕುಟುಂಬ ದುಃಖದ ನಡುವೆ ಕೊಟ್ಟದ್ದು ಮಣ್ಣುಪಾಲಾಗುತ್ತದೆ. ಒಬ್ಬ ರೋಗಿಗೆ ಒಬ್ಬ ಶರಣ ಜೊತೆಯಾಗಿ ಎರಡು ವರ್ಷ ನಿಂತರೆ, ಮದ್ದಿನ ಮತ್ತು ಬಸ್ಸಿನ ಖರ್ಚನ್ನು ಮಠದ ದಾಸೋಹ ನಿಧಿ ಭರಿಸಿದರೆ ಇದನ್ನು ತಪ್ಪಿಸಬಹುದು.

ಕೊಡುವ ಕಡೆಯೂ ಸಿದ್ಧತೆ ಬೇಕು. ಸಹಿ ಮಾಡಿದವರು ಲಿಂಗೈಕ್ಯರಾದಾಗ ಫೋನ್ ಮಾಡಬೇಕಾದವರು ಮನೆಯವರು. ಆರು ಗಂಟೆಯೊಳಗೆ ನೇತ್ರ ಬ್ಯಾಂಕಿನವರು ಬರಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿಯಿಟ್ಟು, ಫ್ಯಾನ್ ನಿಲ್ಲಿಸಿ, ತಲೆಯನ್ನು ತುಸು ಎತ್ತರದಲ್ಲಿಡಬೇಕು. ವಯಸ್ಸು, ಕನ್ನಡಕ, ಸಕ್ಕರೆ ಕಾಯಿಲೆ, ಪೊರೆಯ ಆಪರೇಷನ್ ಯಾವುದೂ ಅಡ್ಡಿಯಲ್ಲ. ಮುಖ ವಿಕಾರವಾಗುವುದಿಲ್ಲ, ಸಮಾಧಿ ಕ್ರಿಯೆಗೆ ತೊಂದರೆಯಿಲ್ಲ.

ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಎವೆಯಿಕ್ಕದೆ ನೋಡುವವರು ನಾವು. ಮಣ್ಣಿಗೆ ಸೇರುವ ಕಣ್ಣಿನಿಂದ ಇನ್ನೊಬ್ಬರು ತಮ್ಮ ಅಂಗೈಯನ್ನು ಕಾಣಬಹುದಾದರೆ ಅದನ್ನು ತಡೆಯುವ ಶಾಸ್ತ್ರ ಯಾವುದು? ಮುಂದಿನ ಮಾಸಿಕ ಗೋಷ್ಠಿಯಲ್ಲೇ ಹತ್ತಿರದ ನೇತ್ರ ಬ್ಯಾಂಕಿನ ಸಂಖ್ಯೆಯನ್ನು ಮಠದ ಹಲಗೆಯ ಮೇಲೆ ಬರೆಯೋಣ. ಅದರ ಕೆಳಗೆ, ಕಸಿಯಾದವರ ಜೊತೆ ಹೋಗಲು ಒಪ್ಪಿದವರ ಹೆಸರುಗಳನ್ನೂ ಬರೆಯೋಣ.