ಕಲ್ಲುಹೂವಿಗೊಂದು ಹೆಸರು

ನಮ್ಮ ಬಾಡಗಂಡಿ ಕಡೆ ಮಸಾಲಿ ಖಾರ ಕುಟ್ಟುವಾಗ ಲವಂಗ, ಚಕ್ಕೆಯ ಜೊತೆ ಮುದುಡಿದ ಕರಿ ಕಾಗದದಂಥ ವಸ್ತುವೊಂದು ಒರಳಿಗೆ ಬೀಳುತ್ತದೆ. ಅದೇ ಕಲ್ಲುಹೂವು. ಒಂದು ಚೂರನ್ನು ತರಗತಿಗೆ ಒಯ್ದು, ‘ಇದು ಯಾವ ಗಿಡದ ಹೂ?’ ಎಂದೆ. ‘ಗಿಡದ್ದಲ್ರೀ ಸರ್, ಕಲ್ಲಿಂದು’ ಎಂದನೊಬ್ಬ. ಹೆಸರೇ ಹಾಗಿದ್ದರೆ ಹುಡುಗನ ತಪ್ಪೇನು?

ಇದು ಹೂವಲ್ಲ, ಸಸ್ಯವೂ ಅಲ್ಲ. ಶಿಲೀಂಧ್ರವೊಂದು ಪಾಚಿಯೊಡನೆ ಹೂಡಿದ ಸಂಸಾರ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ, ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ. 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಹೀಗೆಂದಾಗ ಆ ಕಾಲದ ಕಲ್ಲುಹೂವಿನ ಪಂಡಿತರು ಅವರನ್ನು ಗೇಲಿ ಮಾಡಿದ್ದರು.

ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯವರು 2025ರಲ್ಲಿ ಪಶ್ಚಿಮ ಘಟ್ಟದ ಹೊಸ ಪ್ರಭೇದವೊಂದನ್ನು ಪ್ರಕಟಿಸಿದರು: ಅಲೋಗ್ರಾಫಾ ಎಫ್ಯೂಸೋಸೊರೆಡಿಕಾ. ಭಾರತದಲ್ಲಿ ಈ ಕುಲದ 53ನೆಯದು. ಇದರ ಬಳಗದವು ತೊಗಟೆಯ ಮೇಲೆ ಚಿಕ್ಕ ಮಕ್ಕಳು ಪಾಟಿಯಲ್ಲಿ ಗೀಚಿದಂತೆ ಕಾಣುತ್ತವೆ. ಈ ಹೊಸದರ ಮೈಮೇಲೆ ಹಿಟ್ಟು ಚೆಲ್ಲಿದಂಥ ಪುಡಿಯೂ ಹರಡಿರುತ್ತದೆ. ಒಂದೊಂದು ಕಣದಲ್ಲೂ ಶಿಲೀಂಧ್ರದ ಎಳೆ, ಪಾಚಿ ಎರಡೂ ಇರುತ್ತವೆ. ಬುತ್ತಿ ಕಟ್ಟಿಕೊಂಡೇ ಊರು ಬಿಡುವ ಜಾಣತನ!

ಹೊಸದೆಂದು ಹೇಳುವುದು ಮಾತ್ರ ಸುಲಭವಲ್ಲ. ತೊಗಟೆಯ ಸಮೇತ ಕೊಯ್ದು ಕಾಗದದ ಲಕೋಟೆಯಲ್ಲಿ ಒಣಗಿಸಬೇಕು. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೂಸು ಹಿಡಿಯುತ್ತದೆ. ಬ್ಲೇಡಿನಿಂದ ತೆಳುವಾಗಿ ಸೀಳಿ ಬೀಜಾಣುಗಳ ಗೋಡೆಗಳನ್ನು ಎಣಿಸಬೇಕು. ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನ ತೊಟ್ಟು ಬಿಟ್ಟು ಬಣ್ಣ ನೋಡಬೇಕು. ಈ ಪ್ರಭೇದದಲ್ಲಿರುವ ನಾರ್‌ಸ್ಟಿಕ್ಟಿಕ್ ಆಮ್ಲ ಆ ತೊಟ್ಟಿಗೆ ಹಳದಿಯಾಗಿ ಆಮೇಲೆ ಕೆಂಪಾಗುವಂಥದು. ಮುಂದೆ ಡಿಎನ್‌ಎ ಹೋಲಿಕೆ. ಹೆಸರಿಗೆ ನೋಂದಣಿ ಸಂಖ್ಯೆಯೂ ಬೇಕು. ಶಿಲೀಂಧ್ರಗಳಿಗೆ 2013ರಿಂದ ಇದು ಕಡ್ಡಾಯ. ಕೊನೆಗೆ ಒಂದು ಮಾದರಿ ಸಂಗ್ರಹಾಲಯ ಸೇರಬೇಕು. ಮುಂದಿನವರು ಜಗಳ ತೆಗೆದರೆ ಅದೇ ಸಾಕ್ಷಿ. ಹೆಸರಿಡುವ ಮೊದಲೇ ಮರ ಕಡಿದರೆ ಸಾಕ್ಷಿಯೂ ಇಲ್ಲ, ಜಗಳವೂ ಇಲ್ಲ.

ಆ ತೊಟ್ಟಿನ ಪರೀಕ್ಷೆ ನಮ್ಮ ಶಾಲೆಯಲ್ಲೂ ಆಗುತ್ತದೆ. ಸಂತೆಯಿಂದ ತಂದ ಒಂದೇ ಪೊಟ್ಟಣದ ಎರಡು ಚೂರಿಗೆ ಹಾಕಿ ನೋಡಿದೆವು. ಒಂದು ಹಳದಿಯಾಗಿಯೇ ಉಳಿಯಿತು. ಇನ್ನೊಂದು ಹಳದಿಯಾಗಿ, ನೋಡನೋಡುತ್ತ ರಕ್ತದಂತೆ ಕೆಂಪಾಯಿತು. ಮುಂದಿನ ಬೆಂಚಿನ ಹುಡುಗಿ ಬಗ್ಗಿ ನೋಡಿ, ‘ಸರ್, ಹಂಗಾರ ನಮ್ಮವ್ವ ಒಂದಂತ ತಿಳದು ಎರಡು ಹಾಕ್ತಾಳ್ರೀ?’ ಎಂದಳು. ಹೌದವ್ವಾ, ಎರಡು. ಇನ್ನೂ ಹೆಚ್ಚಿದ್ದರೂ ಇರಬಹುದು ಎಂದೆ. ಮರುದಿನ ಆಕೆ ಮನೆಯ ಡಬ್ಬಿಯನ್ನೇ ಹೊತ್ತು ತಂದಿದ್ದಳು.