ಹವಳಕ್ಕೆ ಬೆಳಕಿನ ರೂಢಿ

ಈ ಅಂಕಣದಲ್ಲಿ ಸಾಮಾನ್ಯವಾಗಿ ಹೊಲ, ಬಾವಿ, ಆಕಾಶ, ಅಡುಗೆಮನೆಗಳ ವಿಜ್ಞಾನವನ್ನೇ ಬರೆಯುತ್ತ ಬಂದಿದ್ದೇನೆ. ಈ ವಾರ ಸಮುದ್ರದ ವಿಷಯ. ಉಮರ್ಗಾ, ನಿಲಂಗಾ, ಉದಗೀರಗಳಿಂದ ಸಮುದ್ರ ಬಹು ದೂರ. ಆದರೂ ನಿಲಂಗಾದ ಒಂದು ಮನೆಯಲ್ಲಿ 40 ಲೀಟರಿನಷ್ಟು ಸಮುದ್ರವು ಗಾಜಿನ ತೊಟ್ಟಿಯೊಳಗೆ ನೆಲೆಸಿದೆ. ಅದರ ವಿಷಯದಲ್ಲಿ ನಾನು ಕೊಟ್ಟ ತಪ್ಪು ಸಲಹೆಯೇ ಈ ಬರಹಕ್ಕೆ ಕಾರಣ.

ಪುಣೆಯಲ್ಲಿ ನೌಕರಿಯಲ್ಲಿದ್ದವರೊಬ್ಬರು ಬೇರೆ ಊರಿಗೆ ವರ್ಗವಾದಾಗ ತಮ್ಮ ಚಿಕ್ಕ ಅಕ್ವೇರಿಯಂ ಅನ್ನು ನಿಲಂಗಾದ ಅಣ್ಣನ ಮನೆಯಲ್ಲಿ ಬಿಟ್ಟುಹೋದರು. ಅದರಲ್ಲಿ ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನು, ಆರು ಅಣಬೆ ಹವಳ, ಒಂದು ತೊಗಲು ಹವಳ ಇದ್ದವು. ಎರಡೂ ಮೆತ್ತನೆಯ ಜಾತಿಗಳು, ಕಲ್ಲಿನ ಗೂಡು ಕಟ್ಟುವವಲ್ಲ. ಎರಡು ವರ್ಷ ಹಳೆಯ ಟ್ಯೂಬ್ ದೀಪದ ಮಂದ ಬೆಳಕಿನಲ್ಲಿಯೇ ಅವು ಬದುಕಿದ್ದವು. ಅಣ್ಣನ ಮಗಳು ನಮ್ಮ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯ ವಿದ್ಯಾರ್ಥಿನಿ. ಕಳೆದ ದೀಪಾವಳಿಗೆ ಕಾಕಾ ಹೊಸ ಎಲ್‌ಇಡಿ ದೀಪವೊಂದನ್ನು ಕಳುಹಿಸಿದರು. ದಿನಕ್ಕೆ ಎಷ್ಟು ಹೊತ್ತು ಹಚ್ಚಬೇಕೆಂದು ಹುಡುಗಿ ನನ್ನನ್ನು ಕೇಳಿದಳು. "ಹವಳಕ್ಕೆ ಬೆಳಕೇ ಅನ್ನ. ಹತ್ತು ತಾಸು ಹಚ್ಚು" ಎಂದುಬಿಟ್ಟೆ. ನಾಲ್ಕನೆಯ ದಿನ ಅಣಬೆಗಳು ನಾಣ್ಯದಷ್ಟಕ್ಕೆ ಮುದುಡಿದವು. ವಾರ ಕಳೆಯುವಷ್ಟರಲ್ಲಿ ತೊಗಲು ಹವಳದ ಕಂದು ಬಣ್ಣ ಅಳಿದು, ಸುಣ್ಣ ಬಳಿದಂತೆ ಬಿಳಿಚಿತು. "ಗುರುಗಳೇ, ನಾವೇ ಕೊಂದೆವೇನು?" ಎಂದು ಆಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹವಳವು ಗಿಡವಲ್ಲ, ಪ್ರಾಣಿ. ಆದರೆ ಅದರ ಮೈಯೊಳಗೆ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟೇ ದೊಡ್ಡದಾದ ಪಾಚಿಗಳು ವಾಸಿಸುತ್ತವೆ. ಒಂದು ಚದರ ಸೆಂಟಿಮೀಟರಿನಲ್ಲಿ ಅವುಗಳ ಸಂಖ್ಯೆ ಹತ್ತು ಲಕ್ಷವನ್ನೂ ಮೀರುವುದುಂಟು. ಹವಳವು ಪಾಚಿಗೆ ಆಸರೆಯನ್ನೂ ಗೊಬ್ಬರವನ್ನೂ ಕೊಡುತ್ತದೆ. ಪಾಚಿಯು ಬೆಳಕಿನಿಂದ ಸಕ್ಕರೆ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಒಪ್ಪಿಸುತ್ತದೆ. ಹವಳದ ಕಂದು ಬಣ್ಣವೂ ಈ ಪಾಚಿಯದೇ. ನಮ್ಮ ಅಜ್ಜಿಯರ ಕೊರಳಿನ ಕೆಂಪು ಹವಳ, ಮರಾಠಿಯಲ್ಲಿ ಪೋವಳೆ ಎನ್ನುವುದು, ಇದಕ್ಕೆ ಹೊರತಾದ ಜಾತಿ. ಮೆಡಿಟರೇನಿಯನ್ ಸಮುದ್ರದ ಆಳದಲ್ಲಿಯೂ ಕತ್ತಲ ಗುಹೆಗಳಲ್ಲಿಯೂ ಬೆಳೆಯುವ ಅದರ ಮೈಯಲ್ಲಿ ಇಂಥ ಪಾಚಿ ಇಲ್ಲ. ಅದಕ್ಕೆ ಬೆಳಕಿನ ಹಂಗೂ ಇಲ್ಲ.

ಬೆಳಕು ಅನ್ನವೆಂದು ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ಮಂದ ಬೆಳಕಿನಲ್ಲಿ ಬಹುಕಾಲ ಬದುಕಿದ ಪಾಚಿಯು ಸಿಕ್ಕಷ್ಟು ಬೆಳಕನ್ನೂ ಹಿಡಿಯಲು ತನ್ನೊಳಗೆ ಪತ್ರಹರಿತ್ತನ್ನು ಹೆಚ್ಚಿಸಿಕೊಂಡಿರುತ್ತದೆ. ಚಿಕ್ಕ ಹಳ್ಳದಲ್ಲಿ ದೊಡ್ಡ ಬಲೆ ಬೀಸಿದಂತೆ. ಆ ಹಳ್ಳಕ್ಕೆ ಒಮ್ಮೆಲೇ ಪ್ರವಾಹ ಬಂದರೆ ಬಲೆ ಹರಿಯುತ್ತದೆ. ಪಾಚಿಗೂ ಹಾಗೆಯೇ ಆಗುತ್ತದೆ. ಬಳಸಿಕೊಳ್ಳಲಾಗದಷ್ಟು ಬೆಳಕು ಒಳಬಂದಾಗ ಸಕ್ಕರೆ ತಯಾರಿಸುವ ವ್ಯವಸ್ಥೆಯೇ ಕೆಡುತ್ತದೆ, ಜೀವಕೋಶವನ್ನು ಸುಡುವಂಥ ಉಗ್ರ ಆಮ್ಲಜನಕ ಹುಟ್ಟುತ್ತದೆ. ಆಗ ಹವಳವು ತನಗೆ ಅನ್ನವಿಕ್ಕುವ ಪಾಚಿಯನ್ನೇ ಹೊರದೂಡುತ್ತದೆ. ಬಿಳಿಚಿದ ಹವಳ ಸತ್ತ ಹವಳವಲ್ಲ, ಉಪವಾಸ ಬಿದ್ದ ಹವಳ. ಉಪವಾಸ ಬಹಳ ದಿನ ನಡೆದರೆ ಮಾತ್ರ ಸಾಯುತ್ತದೆ.

ಮಾಳಿಗೆ ಮನೆಯ ಒಳಕೋಣೆಯಿಂದ ನಡುಹಗಲಿನಲ್ಲಿ ಅಂಗಳಕ್ಕೆ ಬಂದರೆ ನಮ್ಮ ಕಣ್ಣು ಕುಕ್ಕುತ್ತದೆ. ಆದರೆ ಕ್ಷಣಮಾತ್ರದಲ್ಲಿ ಪಾಪೆ ಕಿರಿದಾಗುತ್ತದೆ, ನೋಟ ತಿಳಿಯಾಗುತ್ತದೆ. ಹವಳಕ್ಕೂ ಅಂಥ ಶಕ್ತಿಯಿದೆ. ಪಾಚಿಯು ಪತ್ರಹರಿತ್ತನ್ನು ಇಳಿಸಿಕೊಂಡು, ಹೆಚ್ಚಾದ ಬೆಳಕನ್ನು ಶಾಖವಾಗಿ ಕಳೆಯುವ ಹಳದಿ ವರ್ಣಕಗಳನ್ನು ಕೂಡಿಸಿಕೊಳ್ಳುತ್ತದೆ. ಆದರೆ ಈ ಕೆಲಸ ಕ್ಷಣದಲ್ಲಿ ಆಗುವುದಿಲ್ಲ. ಅದಕ್ಕೆ ದಿನಗಳು, ವಾರಗಳು ಬೇಕು. ಆ ಅವಕಾಶವನ್ನು ನಾನು ಕೊಡಿಸಲಿಲ್ಲ.

ದೀಪದ ಬಲವನ್ನು ಕಣ್ಣಿನಿಂದ ಅಳೆದದ್ದು ನನ್ನ ಇನ್ನೊಂದು ತಪ್ಪು. ಸಮುದ್ರದ ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರುಗಳಲ್ಲಿಯೇ ಹೀರಿಬಿಡುತ್ತದೆ, ನೀಲಿ ಬೆಳಕು ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಹವಳದ ದೀಪಗಳಲ್ಲಿ ನೀಲಿಯೇ ಹೆಚ್ಚು. ನಮ್ಮ ಕಣ್ಣಿಗೆ ನೀಲಿ ಮಂದವಾಗಿ ತೋರುತ್ತದೆ, ಪಾಚಿಗೆ ಮಾತ್ರ ಅದು ಪ್ರಖರ. ಬಲ್ಲವರು ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಬೀಳುವ ಬೆಳಕಿನ ಕಣಗಳನ್ನು ಮೈಕ್ರೊಮೋಲ್ ಎಂಬ ಮಾನದಲ್ಲಿ ಎಣಿಸುತ್ತಾರೆ. ನಮ್ಮ ಮಧ್ಯಾಹ್ನದ ನೇರ ಬಿಸಿಲು ಸುಮಾರು 2000 ಮೈಕ್ರೊಮೋಲ್. ಅಣಬೆ ಹವಳಕ್ಕೆ 50ರಿಂದ 100 ಇದ್ದರೆ ಸಾಕು.

ನಮ್ಮ ಭಾಗದ ರೈತನಿಗೆ ಇದೆಲ್ಲ ಹೊಸ ಮಾತಲ್ಲ. ಟೊಮೆಟೊ, ಮೆಣಸಿನ ಸಸಿಗಳನ್ನು ಶೇಡ್‌ನೆಟ್ಟಿನ ಕೆಳಗೆ ಬೆಳೆಸಿದವನು ಅವುಗಳನ್ನು ಕಿತ್ತು ನೇರವಾಗಿ ಬಿಸಿಲಿನ ಹೊಲದಲ್ಲಿ ನೆಡುವುದಿಲ್ಲ. ನಾಟಿಗೆ ಒಂದು ವಾರ, ಹತ್ತು ದಿನ ಮೊದಲಿನಿಂದಲೇ ನೀರು ಕಡಿಮೆ ಮಾಡಿ, ದಿನದಿನಕ್ಕೂ ನೆರಳು ಸರಿಸಿ, ಸಸಿಯನ್ನು ಗಟ್ಟಿಗೊಳಿಸುತ್ತಾನೆ. ಹುಡುಗಿಯ ತಂದೆಗೆ ಈ ಮಾತು ಹೇಳಿದೊಡನೆ ಅವರೇ ಹೊಲದಿಂದ ಶೇಡ್‌ನೆಟ್ಟಿನ ತುಂಡೊಂದನ್ನು ತಂದರು.

ನಾವು ಮಾಡಿದ್ದಿಷ್ಟು. ಹೊಸ ದೀಪದಲ್ಲಿ ಬೆಳಕು ತಗ್ಗಿಸುವ ಗುಂಡಿ ಇರಲಿಲ್ಲ. ಆದ್ದರಿಂದ ಅದನ್ನು ನೀರಿನಿಂದ ಒಂದು ಗೇಣು ಮೇಲಕ್ಕೆ ತೂಗುಹಾಕಿದೆವು. ನೆಟ್ಟನ್ನು ತೊಳೆದು ಆರು ಪದರಗಳಾಗಿ ತೊಟ್ಟಿಯ ಮೇಲೆ ಹೊದಿಸಿದೆವು. ನೆಟ್ಟು ದೀಪಕ್ಕೆ ತಾಗಬಾರದು. ತಾಗಿದರೆ ದೀಪ ಕಾದು ಅಪಾಯವಾದೀತು. ಅಣಬೆಗಳು ಅಂಟಿದ ಕಲ್ಲುಗಳನ್ನು ತೊಟ್ಟಿಯ ತಳದ ಮೂಲೆಗೆ ಇಳಿಸಿದೆವು. ಬೆಳಕಿನ ಹೊತ್ತನ್ನು ಆರು ತಾಸಿಗೆ ಇಳಿಸಿ, ಮೊದಲ ಹತ್ತು ದಿನ ಏನನ್ನೂ ಬದಲಿಸಲಿಲ್ಲ. ಆಮೇಲೆ ನಾಲ್ಕು ದಿನಕ್ಕೊಂದು ಪದರ ತೆಗೆಯುತ್ತ ಹೋದೆವು. ಹವಳ ಮುದುಡಿದರೆ ಅಥವಾ ಬಣ್ಣ ತೆಳುವಾದರೆ ತೆಗೆದ ಪದರವನ್ನು ಮತ್ತೆ ಹೊದಿಸಿ ಒಂದು ವಾರ ಕಾಯುವುದೆಂಬ ನಿಯಮ ಮಾಡಿಕೊಂಡೆವು. ಹಾಗೆ ಎರಡು ಬಾರಿ ಹಿಂದೆ ಸರಿಯಬೇಕಾಯಿತು.

ಹೊತ್ತನ್ನು ಕಡಿಮೆ ಮಾಡಿದರೆ ಸಾಕಲ್ಲವೇ, ನೆಟ್ಟೇಕೆ ಎಂದು ಕೆಲವರು ಕೇಳಬಹುದು. ಸಾಲದು. ಬಿಸಿಲಿಗೆ ರೂಢಿಯಿಲ್ಲದವನನ್ನು ಮೇ ತಿಂಗಳ ನಡುಹಗಲಿನಲ್ಲಿ ಒಂದೇ ತಾಸು ನಿಲ್ಲಿಸಿದರೂ ಮೈ ಸುಡುತ್ತದೆ. ಮೊದಲು ತಗ್ಗಬೇಕಾದದ್ದು ಬೆಳಕಿನ ಬಲ, ಅನಂತರ ಹೊತ್ತು. ಇನ್ನೊಂದು ಮಾತು: ದೀಪ ಬದಲಿಸಿದ ದಿನಗಳಲ್ಲಿ ಉಪ್ಪು, ಆಹಾರ, ಫಿಲ್ಟರುಗಳನ್ನು ಬದಲಿಸಬಾರದು. ಎರಡು ಬದಲಾವಣೆ ಒಮ್ಮೆಗೇ ಮಾಡಿದರೆ ಕೇಡು ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಈಗ ಬೇಸಿಗೆ ಬರುತ್ತಿರುವುದರಿಂದ ಇನ್ನೂ ಒಂದು ಎಚ್ಚರಿಕೆ ಬೇಕು. ನೀರು ಬಿಸಿಯಾದಂತೆ ಹವಳದ ಸಹನೆ ಕುಗ್ಗುತ್ತದೆ. ನಿನ್ನೆಯವರೆಗೆ ಹಿತವಾಗಿದ್ದ ಬೆಳಕೇ ಇಂದು ಅತಿಯಾಗುತ್ತದೆ. ಇದನ್ನು ಜಗತ್ತು ದೊಡ್ಡ ಪ್ರಮಾಣದಲ್ಲಿ ಕಂಡಿದೆ. 2016ರ ಏಪ್ರಿಲ್ ನಮ್ಮ ಜಿಲ್ಲೆಯವರಿಗೆ ಮರೆಯುವಂಥದಲ್ಲ. ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂತು. ಮೊದಲ ಗಾಡಿ ಹತ್ತು ಟ್ಯಾಂಕರುಗಳಲ್ಲಿ ಸುಮಾರು ಐದು ಲಕ್ಷ ಲೀಟರು ಹೊತ್ತು ತಂದಿತ್ತು. ನಮ್ಮ ಬಾವಿಗಳನ್ನು ಬತ್ತಿಸಿದ ಬರಗಾಲದ ಹಿಂದೆ ಶಾಂತ ಮಹಾಸಾಗರದ ನೀರು ಕಾಯುವ ಎಲ್‌ನಿನೊ ಇತ್ತು. ಅದೇ ಎಲ್‌ನಿನೊ ಆ ವರ್ಷ ಲಕ್ಷದ್ವೀಪದ ಹವಳದ ದಿಬ್ಬಗಳನ್ನೂ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫನ್ನೂ ಬಿಳಿಚಿಸಿತು. ಲಕ್ಷದ್ವೀಪದಲ್ಲಿ ಅದಕ್ಕೂ ಮೊದಲು 1998ರಲ್ಲಿ, 2010ರಲ್ಲಿ ಹೀಗಾಗಿತ್ತು. ಸಮುದ್ರದ ಮೇಲೆ ನೆಟ್ಟು ಹೊದಿಸಲು ಯಾರಿಂದಲೂ ಆಗದು. ಮನೆಯ ತೊಟ್ಟಿಗಾದರೆ ಆಗುತ್ತದೆ. ನೀರು 27 ಡಿಗ್ರಿ ದಾಟತೊಡಗಿದರೆ ಬೆಳಕು ತಗ್ಗಿಸಿರಿ, ನೀರಿನ ಮೇಲೆ ಚಿಕ್ಕ ಫ್ಯಾನ್ ಬೀಸುವಂತಿಡಿರಿ. ಆವಿಯಾದಷ್ಟು ನೀರನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಿರಿ. ಏಕೆಂದರೆ ನೀರಷ್ಟೇ ಆವಿಯಾಗುತ್ತದೆ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಬೋರಿನ ಗಡುಸು ನೀರು ಬೇಡ. ಕರೆಂಟು ಹೋಗುವ ಊರುಗಳಲ್ಲಿ ಬ್ಯಾಟರಿಯ ಗಾಳಿಪಂಪು ಒಂದಿರಲಿ.

ಇದನ್ನು ಓದಿ ಹವಳ ಸಾಕುವ ಆಸೆ ಹುಟ್ಟಿದ ಮಕ್ಕಳಿಗೆ ಒಂದು ಮಾತು. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಅವನ್ನು ಸಮುದ್ರದಿಂದ ಕೀಳುವುದು, ಮಾರುವುದು ಅಪರಾಧ. ಹವಳ ನೋಡಬೇಕೆನಿಸಿದರೆ ಸಿಂಧುದುರ್ಗ ಜಿಲ್ಲೆಯ ಮಾಲವಣ, ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿ ದ್ವೀಪ ಇವೆ. ಅಲ್ಲಿ ನೀರಿಗಿಳಿದರೆ ಹವಳದ ಮೇಲೆ ಕಾಲಿಡಬೇಡಿರಿ.

ನಿಲಂಗಾದ ತೊಟ್ಟಿಯ ಕಥೆ ಹೇಳಿ ಮುಗಿಸುತ್ತೇನೆ. ಸಂಕ್ರಾಂತಿಯ ಹೊತ್ತಿಗೆ ಆರು ಅಣಬೆಗಳಲ್ಲಿ ಐದು ಮೊದಲಿನಂತೆ ಅರಳಿದವು. ಒಂದು ಕರಗಿಹೋಯಿತು. ತೊಗಲು ಹವಳದ ಅರ್ಧ ಭಾಗ ಸತ್ತಿದೆ. ಉಳಿದರ್ಧಕ್ಕೆ ಕಂದು ಬಣ್ಣ ಮರಳುತ್ತಿದೆ. ನೆಟ್ಟಿನ ಎರಡು ಪದರ ಇನ್ನೂ ತೊಟ್ಟಿಯ ಮೇಲಿವೆ, ಬೇಸಿಗೆ ಕಳೆಯುವವರೆಗೆ ತೆಗೆಯುವುದಿಲ್ಲವೆಂದು ಹುಡುಗಿಯೇ ನಿರ್ಧರಿಸಿದ್ದಾಳೆ. ದಿನದ ಉಷ್ಣತೆ, ಬೆಳಕಿನ ಹೊತ್ತು, ಪದರಗಳ ಸಂಖ್ಯೆ, ಹವಳದ ಬಣ್ಣ ಇವನ್ನೆಲ್ಲ ಆಕೆ ಒಂದು ವಹಿಯಲ್ಲಿ ಕನ್ನಡದಲ್ಲಿಯೇ ಬರೆದಿಡುತ್ತಾಳೆ. ಅದರ ಮೊದಲ ಪುಟದಲ್ಲಿ "ಗುರುಗಳು ಹತ್ತು ತಾಸು ಎಂದರು" ಎಂದಿದೆ. ಅಳಿಸಬೇಕೇ ಎಂದು ಕೇಳಿದಳು. ಬೇಡವೆಂದೆ. ಆ ಪ್ರಯೋಗ ಮಾಡಿಸಿದ್ದು ನಾನೇ. ಅದರ ಫಲವೂ ದಾಖಲೆಯಲ್ಲಿರಬೇಕು.